ಚನ್ನಗಿರಿಯ ಸವಾರ ಧೋಂಡಿಯಾ ವಾಘ್

ಧೋಂಡಿಯಾ ವಾಘ್ ಚನ್ನಗಿರಿಯಲ್ಲಿ ಪವಾರ್ ಮನೆತನದ ಒಂದು ಮರಾಠ ಕುಟುಂಬದಲ್ಲಿ ಹುಟ್ಟಿದವನು. ಹೈದರಾಲಿಯ ಕುದುರೆ ದಂಡಿನಲ್ಲಿ ಸಾಮಾನ್ಯ ಸವಾರನಾಗಿ ಚಾಕರಿಗೆ ಸೇರಿದ. ಮುಂದೆ ಟಿಪ್ಪು ಸುಲ್ತಾನನ ಸೇವೆಯಲ್ಲೂ ಅವನ ಸೆರೆಮನೆಯಲ್ಲೂ ಕಾಲ ಕಳೆದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ತನ್ನದೇ ಸೈನ್ಯ ಕಟ್ಟಿ, ‘ಉಭಯಲೋಕಾಧೀಶ್ವರ’ ಎಂಬ ಬಿರುದು ಧರಿಸಿ, ತುಂಗಭದ್ರೆಯಿಂದ ಕೃಷ್ಣೆಯವರೆಗಿನ ನಾಡಿನಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಇಂಗ್ಲಿಷರು, ಮರಾಠರು, ನಿಜಾಮ ಎಂಬ ಮೂರು ದೊಡ್ಡ ಶಕ್ತಿಗಳನ್ನು ಎದುರಿಸಿ ನಿಂತ. 1800ರ ಸೆಪ್ಟೆಂಬರ್ 10ರಂದು ಇಂದಿನ ರಾಯಚೂರು ಸೀಮೆಯ ಕೋನಗಲ್ಲಿನಲ್ಲಿ ಇಂಗ್ಲಿಷರ ಅಶ್ವದಳ ಅವನನ್ನು ಕೊಂದಿತು. ಆ ದಿನ ದಂಡು ನಡೆಸಿದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಹದಿನೈದು ವರ್ಷಗಳ ನಂತರ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಇವನೇ.

ಧೋಂಡಿಯಾ ಹುಟ್ಟಿದ ಸೀಮೆ ಮಲೆನಾಡಿನ ಅಂಚಿನದು. ಚನ್ನಗಿರಿಗೆ ಆ ಹೆಸರು ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ ಬಂದಿತೆಂದು ಹೇಳುತ್ತಾರೆ. ಊರ ಪಕ್ಕದ ಗುಡ್ಡದ ಮೇಲಿನ ಕೋಟೆ ಕೆಳದಿ ಅರಸರ ಗಡಿಕಾವಲಿನ ಕೋಟೆಗಳಲ್ಲಿ ಒಂದು. ಪಶ್ಚಿಮಕ್ಕೆ ಅಡಕೆ, ಮೆಣಸು, ಭತ್ತದ ಬಿದನೂರು ಸೀಮೆಯಿದೆ; ಪೂರ್ವಕ್ಕೆ ಚಿತ್ರದುರ್ಗದ ಪಾಳೆಯಗಾರರ ನಾಡು, ಅದರಾಚೆ ಜಗಳೂರಿನ ಕಡೆಯ ಒಣ ಬಯಲು. ಉತ್ತರಕ್ಕೆ ಹೊನ್ನಾಳಿಯ ಬಳಿ ತುಂಗಭದ್ರೆ ದಾಟಿದರೆ ಸವಣೂರು ನವಾಬರ, ಮುಂದೆ ಮರಾಠರ ಸೀಮೆ. ಇಷ್ಟು ಗಡಿಗಳು ಕೂಡುವ ಕಡೆ ದಂಡುಗಳ ಓಡಾಟ ತಪ್ಪಿದ ತಲೆಮಾರೇ ಇರಲಿಲ್ಲ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಚನ್ನಗಿರಿ, ಹೊನ್ನಾಳಿಗಳ ಸೀಮೆ ಮೈಸೂರಿನ ಕೈಗೆ ಬಂತು. 1779ರಲ್ಲಿ ಚಿತ್ರದುರ್ಗ ಬಿದ್ದ ಮೇಲೆ ಜಗಳೂರಿನ ಬಯಲೂ ಅವನದಾಯಿತು. ಬಿದನೂರಿನ ಸಂಪತ್ತು ತನ್ನ ಏಳಿಗೆಗೆ ಮೂಲವೆಂದು ಹೈದರನೇ ಬಗೆದಿದ್ದ.

ಆ ಕಾಲದಲ್ಲಿ ಕುದುರೆ ಸವಾರಿಕೆ ಒಂದು ಕಸುಬು. ಸ್ವಂತ ಕುದುರೆ, ಸ್ವಂತ ಆಯುಧದೊಂದಿಗೆ ಬರುವವನು ಸಿಲ್ಲೇದಾರ. ಸರ್ಕಾರದ ಅಥವಾ ಸರದಾರನ ಕುದುರೆ ಏರುವವನು ಬಾರ್ಗೀರ. ಸಂಬಳ ತಿಂಗಳುಗಟ್ಟಲೆ ಬಾಕಿ ಉಳಿಯುವುದು ಸಾಮಾನ್ಯವಾದ್ದರಿಂದ ಸವಾರನ ಬದುಕು ಲೂಟಿಯ ಪಾಲನ್ನೂ ನೆಚ್ಚಿಕೊಂಡಿತ್ತು. ಸಂಬಳ ಕೊಡುವ ಒಡೆಯ ಬದಲಾದರೆ ಸವಾರನೂ ಬದಲಾಗುತ್ತಿದ್ದ, ಅದನ್ನು ಯಾರೂ ದ್ರೋಹವೆಂದು ದೊಡ್ಡದು ಮಾಡುತ್ತಿರಲಿಲ್ಲ. ಹೈದರಾಲಿಯೇ ಈ ದಾರಿಯಲ್ಲಿ ಮೇಲೆ ಬಂದವನು. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಸೈನಿಕನಾಗಿ ಕಣ್ಣಿಗೆ ಬಿದ್ದ ಅವನು ಹನ್ನೆರಡು ವರ್ಷಗಳಲ್ಲಿ ಮೈಸೂರಿನ ಅಧಿಕಾರವನ್ನೆಲ್ಲ ಕೈಗೆ ತೆಗೆದುಕೊಂಡಿದ್ದ. ಅವನ ದಂಡಿನಲ್ಲಿ ಬೆಳೆದ ಯಾವ ಚುರುಕು ಸವಾರನ ಎದುರಿಗೂ ಆ ಉದಾಹರಣೆ ಇತ್ತು. ಧೋಂಡಿಯಾನ ಮುಂದಿನ ನಡೆಗಳನ್ನು ಇದನ್ನು ಬಿಟ್ಟು ನೋಡಿದರೆ ಅವನು ಬರೀ ದರೋಡೆಗಾರನಂತೆಯೋ ಬರೀ ಹುತಾತ್ಮನಂತೆಯೋ ಕಾಣುತ್ತಾನೆ. ಎರಡೂ ಅರ್ಧ ಚಿತ್ರಗಳು.

1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ. ಟಿಪ್ಪುವಿನ ಆಳ್ವಿಕೆಯಲ್ಲಿ ಧೋಂಡಿಯಾ ಮೈಸೂರಿನ ಚಾಕರಿಯಲ್ಲೇ ಮುಂದುವರಿದ. ಅವನ ಬದುಕು ತಿರುಗಿದ್ದು ಮೂರನೆಯ ಮೈಸೂರು ಯುದ್ಧದಲ್ಲಿ. 1790ರಿಂದ 1792ರವರೆಗೆ ನಡೆದ ಆ ಯುದ್ಧದಲ್ಲಿ ಇಂಗ್ಲಿಷರು, ಹೈದರಾಬಾದಿನ ನಿಜಾಮ, ಮರಾಠರ ಪೇಶ್ವೆ ಮೂವರೂ ಟಿಪ್ಪುವಿನ ಮೇಲೆ ಒಟ್ಟಾಗಿ ಬಿದ್ದರು. ಮರಾಠರ ಪರಶುರಾಮ ಭಾವು ಪಟವರ್ಧನನ ದಂಡು ಧಾರವಾಡವನ್ನು ಹಿಡಿದು ದಕ್ಷಿಣಕ್ಕೆ ಇಳಿಯಿತು. 1791ರ ಡಿಸೆಂಬರಿನಲ್ಲಿ ಹೊಳೆಹೊನ್ನೂರು ಬಿತ್ತು. ಅದೇ ತಿಂಗಳ 29ರಂದು ಶಿವಮೊಗ್ಗದ ಬಳಿಯ ಕಾಡಿನಲ್ಲಿ ಮೈಸೂರಿನ ಪಡೆಯನ್ನು ಮರಾಠರೊಂದಿಗಿದ್ದ ಇಂಗ್ಲಿಷ್ ಕ್ಯಾಪ್ಟನ್ ಲಿಟಲ್‌ನ ತುಕಡಿ ಸೋಲಿಸಿತು, ಕೆಲವೇ ದಿನಗಳಲ್ಲಿ ಶಿವಮೊಗ್ಗದ ಕೋಟೆ ಶರಣಾಯಿತು. ದಂಡು ಹಾದುಹೋದ ತುಂಗಭದ್ರಾ ತೀರದ ಊರುಗಳು ಹಾಳು ಸುರಿದವು. ಶೃಂಗೇರಿ ಮಠ ಲೂಟಿಯಾದದ್ದೂ ಈ ಯುದ್ಧದಲ್ಲೇ. ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದತ್ತ ಸಾಗುತ್ತಿದ್ದ ಹೊತ್ತಿಗೆ ಧೋಂಡಿಯಾ ಒಂದಷ್ಟು ಲೂಟಿಯ ಮಾಲನ್ನು ಕಟ್ಟಿಕೊಂಡು, ಕೆಲವು ಸಂಗಡಿಗರೊಂದಿಗೆ ಮೈಸೂರಿನ ದಂಡು ಬಿಟ್ಟು ಉತ್ತರಕ್ಕೆ ಹೊರಟುಹೋದ. ಲಕ್ಷ್ಮೇಶ್ವರದ ದೇಸಾಯಿ ಅವನಿಗೆ ಆಸರೆ ಕೊಟ್ಟ.

1792ರ ಮಾರ್ಚಿನ ಒಪ್ಪಂದದಿಂದ ಟಿಪ್ಪು ಅರ್ಧ ರಾಜ್ಯವನ್ನು ಕಳೆದುಕೊಂಡ. ತುಂಗಭದ್ರೆಯ ಉತ್ತರದ ಸೀಮೆ ಮರಾಠರ ಪಾಲಾಯಿತು. ಹೊಸ ಒಡೆಯರ ಹಿಡಿತ ಇನ್ನೂ ಬಿಗಿಯಾಗಿರದ ಆ ನಾಡಿನಲ್ಲಿ ಧೋಂಡಿಯಾ ಗುಂಪು ಕಟ್ಟಿದ. ಹಾವೇರಿ, ಸವಣೂರು ಸುತ್ತ ಅವನ ದಾಳಿ ಆರಂಭವಾಯಿತು. ಮರಾಠರು ಅವನ ಮೇಲೆ ಧೋಂಡೋಪಂತ ಗೋಖಲೆಯನ್ನು ಕಳಿಸಿದರು. ಧಾರವಾಡ ಸೀಮೆಯ ಅಧಿಕಾರಿಯಾದ ಈ ಗೋಖಲೆ ಮೊದಲ ಸುತ್ತಿನಲ್ಲಿ ಗೆದ್ದ. ಸೋತ ಧೋಂಡಿಯಾ 1794ರಲ್ಲಿ ಸುಮಾರು 200 ಜನರೊಂದಿಗೆ ಹೊಳೆ ದಾಟಿ ಮತ್ತೆ ಟಿಪ್ಪುವಿನ ಬಾಗಿಲಿಗೆ ಬಂದ. ಕಳೆದುಹೋದ ಸೀಮೆಯನ್ನು ಗೆದ್ದುಕೊಡುವೆನೆಂಬ ಮಾತು ಅವನ ಬಳಿ ಇತ್ತು. ಅಂಥ ಸಾಹಸಿ ಟಿಪ್ಪುವಿಗೂ ಬೇಕಾಗಿದ್ದ.

ಆದರೆ ಟಿಪ್ಪು ಇವನನ್ನು ಬಹಳ ದಿನ ನಂಬಲಿಲ್ಲ. ಧೋಂಡಿಯಾನನ್ನು ಬಲವಂತದಿಂದ ಇಸ್ಲಾಮಿಗೆ ಸೇರಿಸಲಾಯಿತೆಂದು ಸಮಕಾಲೀನ ಇಂಗ್ಲಿಷ್ ಬರಹಗಳು ಹೇಳುತ್ತವೆ. ಅವನಿಗೆ ಮಲಿಕ್ ಜಹಾನ್ ಖಾನ್ ಎಂಬ ಹೆಸರು ಬಂತು. ಬಳಿಕ ಏನೋ ಅನುಮಾನ ಹುಟ್ಟಿ ಶ್ರೀರಂಗಪಟ್ಟಣದಲ್ಲೇ ಸರಪಳಿ ಬಿಗಿದು ಸೆರೆಯಲ್ಲಿಟ್ಟರು. 1799ರ ಮೇ 4ರಂದು ಇಂಗ್ಲಿಷರು ಕೋಟೆಗೆ ನುಗ್ಗಿ ಟಿಪ್ಪು ಹೋರಾಡುತ್ತ ಮಡಿದಾಗ ಅವನು ಇನ್ನೂ ಬೇಡಿಯಲ್ಲೇ ಇದ್ದ. ಗೆದ್ದ ಸೈನಿಕರು ಸೆರೆಮನೆಗಳ ಬಾಗಿಲು ತೆರೆದು ಟಿಪ್ಪುವಿನ ಕೈದಿಗಳನ್ನೆಲ್ಲ ಬಿಟ್ಟರು. ಒಳಗಿದ್ದವರು ಯಾರು, ಯಾಕೆ ಇದ್ದರು ಎಂದು ಯಾರೂ ವಿಚಾರಿಸಲಿಲ್ಲ. ಹಾಗೆ ಹೊರಬಂದವರಲ್ಲಿ ಧೋಂಡಿಯಾ ಒಬ್ಬ. ತಡಮಾಡದೆ ಬಿದನೂರಿನ ದಿಕ್ಕಿಗೆ, ಅಂದರೆ ತಾನು ಹುಟ್ಟಿದ ಸೀಮೆಯ ಕಡೆಗೆ ಹೊರಟ.

ಅವನಿಗೆ ಅಷ್ಟು ಬೇಗ ಜನ ಸೇರಿದ್ದರ ಕಾರಣ ಗೆದ್ದವರ ವ್ಯವಸ್ಥೆಯಲ್ಲೇ ಇತ್ತು. 1799ರ ಜೂನ್ 30ರಂದು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು, ಪೂರ್ಣಯ್ಯ ದಿವಾನರಾದರು. ಜುಲೈ 8ರ ಒಪ್ಪಂದದಂತೆ ರಾಜ್ಯದ ರಕ್ಷಣೆ ಇಂಗ್ಲಿಷ್ ಪಡೆಯ ಹೊಣೆ. ಅದಕ್ಕಾಗಿ ಮೈಸೂರು ವರ್ಷಕ್ಕೆ 7 ಲಕ್ಷ ಪಗೋಡ ಕೊಡಬೇಕು. ಅಷ್ಟು ಹಣ ಕೊಡುವ ರಾಜ್ಯ ತನ್ನದೇ ದೊಡ್ಡ ಸೈನ್ಯವನ್ನೂ ಸಾಕಲಾರದು, ಸಾಕಲು ಇಂಗ್ಲಿಷರು ಬಿಡಲೂ ಆರರು. ದೊಡ್ಡ ಸರದಾರರಿಗೆ ಪಿಂಚಣಿ ಸಿಕ್ಕಿತು, ಕೆಲವು ಪಡೆಗಳನ್ನು ಪೂರ್ಣಯ್ಯ ಉಳಿಸಿಕೊಂಡರು. ಉಳಿದ ಸವಾರರು, ಬಂದೂಕಿನವರು, ಕೋಟೆ ಕಾಯುವವರು ಬೀದಿಗೆ ಬಿದ್ದರು. ಕುದುರೆ, ಕತ್ತಿ ಎರಡೂ ಇದ್ದು ಸಂಬಳವಿಲ್ಲದ ಇಂಥವರು ಮೈಸೂರಿನ ಉದ್ದಗಲಕ್ಕೂ ತುಂಬಿದ್ದರು. ಧೋಂಡಿಯಾ ಅವರಿಗೆ ಸಂಬಳದ ಮಾತು ಕೊಟ್ಟ, ಮುಂದಾಳಾದ. ದೂರದ ಕೋಟೆಗಳಲ್ಲಿ ಟಿಪ್ಪುವಿನ ಕಿಲ್ಲೇದಾರರೇ ಇನ್ನೂ ಕುಳಿತಿದ್ದರು. ಹೊಸ ಸರ್ಕಾರದ ಹುಕುಂ ತಲುಪುವ ಮೊದಲೇ ಅವರಲ್ಲಿ ಕೆಲವರು ಬಾಗಿಲು ತೆರೆದು ಅವನನ್ನು ಒಳಗೆ ಬಿಟ್ಟರು. ಶಿವಮೊಗ್ಗ, ಹೊನ್ನಾಳಿ, ಶಿಕಾರಿಪುರಗಳು ಹೀಗೆ ಅವನ ಕೈಸೇರಿದವು.

ಬಿದನೂರು ಸೀಮೆಯಲ್ಲಿ ಅವನ ಜನ ಮಾಡಿದ ಸುಲಿಗೆಯನ್ನು ಮುಚ್ಚಿಡುವಂತಿಲ್ಲ. ಸೈನ್ಯಕ್ಕೆ ಕೊಡಬೇಕಾದ ಸಂಬಳ ಊರವರ ಕಣಜದಿಂದ, ಸಾಹುಕಾರರ ಪೆಟ್ಟಿಗೆಯಿಂದ ಬರಬೇಕಿತ್ತು. ಹಣ ಕೊಡದವರ ಮೇಲೆ ಹಿಂಸೆ ನಡೆಯಿತು. ಎಂಟು ವರ್ಷಗಳ ಹಿಂದೆ ಪಟವರ್ಧನನ ದಂಡಿಗೆ ಸಿಕ್ಕಿ ನಲುಗಿದ್ದ ಹಳ್ಳಿಗಳೇ ಮತ್ತೆ ದಂಡ ತೆತ್ತವು. ಅವನನ್ನು ಅಡಗಿಸಲು ಬಂದ ಇಂಗ್ಲಿಷರ ಕ್ರೌರ್ಯವೂ ಕಡಿಮೆಯದಲ್ಲ. ಸಿಕ್ಕಿಬಿದ್ದವರನ್ನು ಯುದ್ಧ ಕೈದಿಗಳೆಂದು ಕಾಣದೆ ಕಳ್ಳರೆಂದು ಗಲ್ಲಿಗೇರಿಸಿದರು. ಎರಡೂ ಕಡೆಯಿಂದ ಪೆಟ್ಟು ತಿಂದವರು ನ್ಯಾಮತಿ, ಸವಳಂಗ, ಹೊನ್ನಾಳಿಯ ದಾರಿಗಳಲ್ಲಿ ಹೊಲ ಮನೆ ಇದ್ದ ರೈತರು.

1799ರ ಜುಲೈನಲ್ಲಿ ಇಂಗ್ಲಿಷರು ಎರಡು ಪಡೆಗಳನ್ನು ಹೊರಡಿಸಿದರು. ಚಿತ್ರದುರ್ಗದ ಕಡೆಯಿಂದ ಲೆಫ್ಟಿನೆಂಟ್ ಕರ್ನಲ್ ಡಾಲ್ರಿಂಪಲ್, ದಕ್ಷಿಣದಿಂದ ಕರ್ನಲ್ ಸ್ಟೀವನ್ಸನ್. ಮಳೆಗಾಲದ ನಡುವೆಯೇ ಹೊಳೆ ದಾಟಿ ಹೊನ್ನಾಳಿ, ಶಿವಮೊಗ್ಗಗಳನ್ನು ವಶಪಡಿಸಿಕೊಂಡರು. ಆಗಸ್ಟ್ 17ರಂದು ಶಿಕಾರಿಪುರದ ಬಳಿ ಧೋಂಡಿಯಾ ಸೋತ. ಉಳಿದ ಸವಾರರೊಂದಿಗೆ ಗಡಿ ದಾಟಿ ಮರಾಠ ಸೀಮೆಗೆ ಹೋದ. ಪೇಶ್ವೆಯ ನೆಲಕ್ಕೆ ಕಾಲಿಡಲು ಇಂಗ್ಲಿಷರಿಗೆ ಅಪ್ಪಣೆ ಇರಲಿಲ್ಲವಾದ್ದರಿಂದ ಬೆನ್ನಟ್ಟುವುದು ಅಲ್ಲಿಗೆ ನಿಂತಿತು. ಆದರೆ ಗಡಿಯಾಚೆ ಹಳೆಯ ವೈರಿ ಕಾದಿದ್ದ. ಧೋಂಡೋಪಂತ ಗೋಖಲೆ ಅವನ ಬೀಡಿನ ಮೇಲೆ ಬಿದ್ದು ಆನೆ, ಒಂಟೆ, ತೋಪುಗಳನ್ನು ಕಿತ್ತುಕೊಂಡ. ಇನ್ನೇನು ಅವನ ಕಥೆ ಮುಗಿಯಿತೆಂದು ಮದ್ರಾಸಿನಲ್ಲಿ ಭಾವಿಸಿದರು.

ಮುಗಿಯಲಿಲ್ಲ. ಆ ಚಳಿಗಾಲವನ್ನು ಧೋಂಡಿಯಾ ಕೊಲ್ಹಾಪುರದ ರಾಜನ ಆಸರೆಯಲ್ಲಿ ಕಳೆದ. ಕೊಲ್ಹಾಪುರಕ್ಕೂ ಪಟವರ್ಧನರಿಗೂ ಆಗ ಘೋರ ಯುದ್ಧ ನಡೆದಿತ್ತು. 1799ರ ಸೆಪ್ಟೆಂಬರಿನಲ್ಲಿ ಪರಶುರಾಮ ಭಾವು ಅದರಲ್ಲೇ ಮಡಿದ. ಮರಾಠ ಸರದಾರರ ಒಳಜಗಳ ಸವಾರರಿಗೆ ಸುಗ್ಗಿ. 1800ರ ಮೊದಲ ತಿಂಗಳುಗಳಲ್ಲಿ ಧೋಂಡಿಯಾ ಕೊಲ್ಹಾಪುರದ ಚಾಕರಿ ಬಿಟ್ಟು ಸವಣೂರು, ಧಾರವಾಡ ಸೀಮೆಗೆ ಇಳಿದಾಗ ಅವನ ಬಳಿ ಹಿಂದಿನದಕ್ಕಿಂತ ದೊಡ್ಡ ಸೈನ್ಯವಿತ್ತು. ಅದರ ಗಾತ್ರವನ್ನು ಕೆಲವರು 40,000ದವರೆಗೂ ಹೇಳಿದ್ದಾರೆ. ದಂಡಿನ ಹಿಂದೆ ಬರುವ ಪರಿವಾರವನ್ನು ಸೇರಿಸಿ ಎಣಿಸುವ ಆ ಕಾಲದ ಅಂಕಿಗಳನ್ನು ಎಚ್ಚರದಿಂದ ಓದಬೇಕು. ದಂಬಳ, ಸವಣೂರು, ಕುಂದಗೋಳ, ರಾಣೆಬೆನ್ನೂರು ಅವನ ಹಿಡಿತಕ್ಕೆ ಬಂದವು. ‘ಉಭಯಲೋಕಾಧೀಶ್ವರ’ ಎಂಬ ಬಿರುದನ್ನು ಅವನು ಧರಿಸಿದ್ದು ಈ ಹಂತದಲ್ಲಿ. ಚಾಕರಿಯವನೊಬ್ಬ ಅರಸುತನಕ್ಕೆ ಹಕ್ಕು ಹೂಡಿದ್ದನ್ನು ಆ ಬಿರುದು ಸಾರಿತು. ಐವತ್ತು ವರ್ಷ ಮೊದಲಾಗಿದ್ದರೆ ದಕ್ಷಿಣದ ಆಸ್ಥಾನಗಳು ಅದನ್ನು ನೋಡಿ ನಗುತ್ತಿರಲಿಲ್ಲ, ಸಂಧಾನಕ್ಕೆ ವಕೀಲರನ್ನು ಕಳಿಸುತ್ತಿದ್ದವು.

ಅದೇ ಸಮಯದಲ್ಲಿ ದಕ್ಷಿಣದ ಬೇರೆ ಮೂಲೆಗಳೂ ಕುದಿಯುತ್ತಿದ್ದವು. ಬಲಂ ಸೀಮೆಯ ಐಗೂರಿನಲ್ಲಿ ಕೃಷ್ಣಪ್ಪ ನಾಯಕ ಕಾಡಿನ ಕೋಟೆ ಕಟ್ಟಿ ಕುಳಿತಿದ್ದ, ಮಲಬಾರಿನಲ್ಲಿ ಪಳಸ್ಸಿ ರಾಜ ಎದ್ದಿದ್ದ. 1800ರ ಜೂನ್ 3ರಂದು ಕೊಯಮತ್ತೂರಿನ ಇಂಗ್ಲಿಷ್ ಪಾಳೆಯದ ಮೇಲೆ ದಾಳಿಯ ಯತ್ನ ನಡೆಯಿತು. ಇವರಿಗೂ ಧೋಂಡಿಯಾನಿಗೂ ನಡುವೆ ದೂತರ ಓಡಾಟವಿತ್ತೆಂದೂ, ಇವೆಲ್ಲ ಒಂದೇ ದಕ್ಷಿಣ ಭಾರತ ಬಂಡಾಯದ ಭಾಗಗಳೆಂದೂ ಇತಿಹಾಸಕಾರ ಕೆ. ರಾಜಯ್ಯನ್ ವಾದಿಸಿದ್ದಾರೆ. ಸಂಪರ್ಕ ಇದ್ದದ್ದನ್ನು ಒಪ್ಪಬಹುದು. ಆದರೆ ಒಂದೇ ಯೋಜನೆ, ಒಂದೇ ನಾಯಕತ್ವ ಇತ್ತೆನ್ನುವಷ್ಟು ಒಗ್ಗಟ್ಟು ಅವರ ನಡೆಗಳಲ್ಲಿ ಕಾಣುವುದಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಸೀಮೆಯಲ್ಲಿ, ತಮ್ಮ ಕಾರಣಗಳಿಗಾಗಿ ಎದ್ದರು, ಬೇರೆಬೇರೆಯಾಗಿಯೇ ಸೋತರು.

ಶ್ರೀರಂಗಪಟ್ಟಣದಲ್ಲಿದ್ದ ಆರ್ಥರ್ ವೆಲ್ಲೆಸ್ಲಿಗೆ ಆಗ ಮೂವತ್ತೊಂದು ವರ್ಷ. ಮೈಸೂರಿನಲ್ಲಿದ್ದ ಇಂಗ್ಲಿಷ್ ಸೈನ್ಯವೆಲ್ಲ ಅವನ ಕೈಯಲ್ಲಿತ್ತು. ಅವನ ಅಣ್ಣ, ಗವರ್ನರ್ ಜನರಲ್ ಮಾರ್ನಿಂಗ್ಟನ್ ಪ್ರಭು, 1800ರ ಮೇ ತಿಂಗಳಲ್ಲಿ ಡಚ್ಚರ ಬಟಾವಿಯಾದ ಮೇಲೆ ಹೋಗುವ ಸಮುದ್ರ ದಂಡಯಾತ್ರೆಯ ಭೂಸೇನೆಯ ಮುಂದಾಳುತನವನ್ನು ಅವನಿಗೆ ಕೊಡಲು ಮುಂದಾದ. ಲೂಟಿಯ ಪಾಲೂ ಹೆಸರೂ ಖಚಿತವಾಗಿದ್ದ ಕೆಲಸ ಅದು. ವೆಲ್ಲೆಸ್ಲಿ ಮದ್ರಾಸಿನ ಗವರ್ನರನ ಅಭಿಪ್ರಾಯ ಕೇಳಿ, ಅದನ್ನು ಬಿಟ್ಟು ಧೋಂಡಿಯಾನ ಬೆನ್ನು ಹತ್ತಲು ನಿಂತ. ಕಳ್ಳನೊಬ್ಬನನ್ನು ಹಿಡಿಯುವ ಕೆಲಸವಷ್ಟೇ ಆಗಿದ್ದರೆ ಯಾವ ಸೇನಾನಿಯೂ ಬಟಾವಿಯಾ ಬಿಡುತ್ತಿರಲಿಲ್ಲ. ಒಂದೇ ವರ್ಷದ ಹಿಂದೆ ಕಟ್ಟಿದ ಮೈಸೂರಿನ ಹೊಸ ವ್ಯವಸ್ಥೆಯೇ ಕುಸಿಯಬಹುದೆಂಬ ಅಂಜಿಕೆ ಅವರಿಗಿತ್ತು. ಕಾಗದಗಳಲ್ಲಿ ಮಾತ್ರ ಇಂಗ್ಲಿಷರು ಅವನನ್ನು ಕೊನೆಯವರೆಗೂ ಕಳ್ಳನೆಂದೇ ಕರೆದರು. ಎಲ್ಲಿ ಸಿಕ್ಕರೂ ಮೊದಲು ಕಂಡ ಮರಕ್ಕೆ ನೇಣು ಹಾಕಬೇಕೆಂದು ಮದ್ರಾಸ್ ಸರ್ಕಾರದ ಕಾರ್ಯದರ್ಶಿ ಜೋಸಯಾ ವೆಬ್ ಆ ಮೇ ತಿಂಗಳಲ್ಲೇ ಬರೆದಿದ್ದ. ಮಾರ್ಚಿನಲ್ಲಿ ಪುಣೆಯ ಮಂತ್ರಿ ನಾನಾ ಫಡ್ನವೀಸ್ ತೀರಿಕೊಂಡಿದ್ದ. ಪೇಶ್ವೆ ಎರಡನೆಯ ಬಾಜೀರಾಯನ ಆಸ್ಥಾನದಿಂದ ಮರಾಠ ಸೀಮೆಗೆ ಕಾಲಿಡುವ ಅಪ್ಪಣೆಯೂ ಇಂಗ್ಲಿಷರಿಗೆ ಈ ಸಲ ಸಿಕ್ಕಿತು. ನಿಜಾಮನ ಸೀಮೆ ಮೊದಲೇ ತೆರೆದಿತ್ತು. ಹಿಂದಿನ ವರ್ಷ ಧೋಂಡಿಯಾನನ್ನು ಉಳಿಸಿದ್ದು ಗಡಿಗಳು, ಈಗ ಆ ಗಡಿಗಳೇ ಇಲ್ಲವಾದವು.

ಈ ದಂಡಯಾತ್ರೆಯ ನಿಜವಾದ ಕಷ್ಟ ಕದನದಲ್ಲಿರಲಿಲ್ಲ, ಅಕ್ಕಿ ಮತ್ತು ಎತ್ತುಗಳಲ್ಲಿತ್ತು. ಸವಾರರು ಊರಿಂದೂರಿಗೆ ಹಾರುತ್ತ ಸಿಕ್ಕಿದ್ದನ್ನು ತಿಂದು ಬದುಕಬಲ್ಲರು. ತೋಪು, ಕಾಲಾಳು ಇರುವ ದಂಡು ಧಾನ್ಯವನ್ನು ಹೊತ್ತುಕೊಂಡೇ ನಡೆಯಬೇಕು. ಚಿತ್ರದುರ್ಗ ಮತ್ತು ಹರಿಹರ ವೆಲ್ಲೆಸ್ಲಿಯ ಉಗ್ರಾಣಗಳಾದವು. ಪೂರ್ಣಯ್ಯ ಮೈಸೂರಿನ ಸವಾರರನ್ನು ಕೊಟ್ಟರು, ಧಾನ್ಯ ಕೂಡಿಸಿ ಕಳಿಸಿದರು. ಕೆನರಾದ ಕಲೆಕ್ಟರ್ ಥಾಮಸ್ ಮನ್ರೋ ಘಟ್ಟದ ಕೆಳಗಿನಿಂದ ಅಕ್ಕಿ ಹೊಂದಿಸಿದ. ಸಾವಿರಾರು ಎತ್ತುಗಳ ಮೇಲೆ ಅದನ್ನು ಸಾಗಿಸಿದವರು ಲಂಬಾಣಿಗಳು. ಮುಂಗಾರಿಗೆ ತುಂಬಿ ಹರಿಯುವ ತುಂಗಭದ್ರೆ, ವರದೆ, ಮಲಪ್ರಭೆಗಳನ್ನು ಹರಿಗೋಲುಗಳಲ್ಲಿ ದಾಟಬೇಕಾಗಿತ್ತು. ಬುಟ್ಟಿ ಹೆಣೆದು ಚರ್ಮ ಹೊದಿಸುವ, ಹುಟ್ಟು ಹಾಕುವ ಸ್ಥಳೀಯರ ಕೈಗಳಿಲ್ಲದಿದ್ದರೆ ಆ ಸೈನ್ಯ ಹರಿಹರದ ದಂಡೆಯಲ್ಲೇ ಉಳಿಯುತ್ತಿತ್ತು. ಹೊಳೆ ತುಂಬಿದಾಗ ಶತ್ರುವಿನ ಸವಾರರು ಸುಲಭವಾಗಿ ದಾಟಲಾರರು, ತನ್ನ ಬಳಿ ಮಾತ್ರ ದೋಣಿಗಳಿರುತ್ತವೆ ಎಂಬುದನ್ನು ವೆಲ್ಲೆಸ್ಲಿ ಕಂಡುಕೊಂಡ. ಮಳೆಗಾಲದಲ್ಲಿ ದಂಡೆತ್ತಬಾರದೆಂಬ ಈ ನಾಡಿನ ಹಳೆಯ ಲೆಕ್ಕವನ್ನು ತಿರುಗಿಸಿದ್ದು ಅವನ ಜಾಣತನ.

ಜೂನ್ ಕೊನೆಯ ವಾರ ಅವನ ಸೈನ್ಯ ಹರಿಹರದ ಬಳಿ ತುಂಗಭದ್ರೆ ದಾಟಿತು. 27ರಂದು ರಾಣೆಬೆನ್ನೂರಿನ ಕೋಟೆಯನ್ನು ಏಣಿ ಹತ್ತಿ ಹಿಡಿದರು. ಒಳಗಿದ್ದ ಕಾವಲಿನವರಲ್ಲಿ ಬಹುಪಾಲು ಜನ ಸತ್ತರು. ಇತ್ತ ಧೋಂಡಿಯಾ ವೆಲ್ಲೆಸ್ಲಿಗೆ ಎದುರಾಗದೆ ಹಳೆಯ ಲೆಕ್ಕ ತೀರಿಸಲು ಪಶ್ಚಿಮಕ್ಕೆ ಹೊರಳಿದ. ಜೂನ್ 30ರಂದು ಕಿತ್ತೂರಿನ ಹತ್ತಿರದ ಕಾಡಿನಲ್ಲಿ ಗೋಖಲೆಯ ಪಡೆಯ ಮೇಲೆ ಬಿದ್ದ. ಧೋಂಡೋಪಂತ ಗೋಖಲೆ ಅಲ್ಲೇ ಮಡಿದ, ಅವನ ಜೊತೆಗಿದ್ದ ಚಿಂತಾಮಣರಾವ್ ಪಟವರ್ಧನ್ ಗಾಯಗೊಂಡ. ಗೋಖಲೆಯ ರಕ್ತದಲ್ಲಿ ಮೀಸೆ ಅದ್ದುವೆನೆಂದು ಧೋಂಡಿಯಾ ಶಪಥ ಮಾಡಿದ್ದನೆಂದೂ ಅದನ್ನು ಅಂದು ತೀರಿಸಿದನೆಂದೂ ಮರಾಠಿ ಐತಿಹ್ಯವಿದೆ. ಆ ಕದನದಲ್ಲಿ ಬದುಕುಳಿದ ಗೋಖಲೆಯ ಸೋದರನ ಮಗ ಬಾಪು ಗೋಖಲೆ ಮುಂದೆ ಪೇಶ್ವೆಯ ಕೊನೆಯ ಸೇನಾಪತಿಯಾಗಿ 1818ರಲ್ಲಿ ಆಷ್ಟಿಯಲ್ಲಿ ಇಂಗ್ಲಿಷರ ವಿರುದ್ಧ ಹೋರಾಡಿ ಸತ್ತ.

ಗೋಖಲೆಯ ಮೇಲಿನ ಜಯ ಧೋಂಡಿಯಾನ ಬದುಕಿನ ಅತ್ಯಂತ ದೊಡ್ಡ ಗೆಲುವು. ಅಲ್ಲಿಂದ ಮುಂದಿನದೆಲ್ಲ ಇಳಿಜಾರು. ಜುಲೈ 12ರಂದು ವೆಲ್ಲೆಸ್ಲಿ ಸವಣೂರು ತಲುಪಿದ. ಎರಡು ದಿನಗಳ ನಂತರ ಕುಂದಗೋಳ ಬಿತ್ತು. 26ರಂದು ದಂಬಳ, ಮರುದಿನ ಗದಗ. ಕೋಟೆಗಳು ಕೈತಪ್ಪಿದ ಹಾಗೆಲ್ಲ ಅವನ ಸೈನ್ಯ ಕರಗಿತು. ಸಂಬಳಕ್ಕೆ ಬಂದವರು ಸಂಬಳದ ಆಸೆ ಕಮ್ಮಿಯಾದಂತೆ ಹೊರಟರು. ಈ ನಡುವೆ ಧೋಂಡಿಯಾನನ್ನು ಗುಟ್ಟಾಗಿ ಕೊಂದುಕೊಡುವೆನೆಂದು ಒಬ್ಬ ಮುಂದೆ ಬಂದಾಗ ವೆಲ್ಲೆಸ್ಲಿ ಒಪ್ಪಲಿಲ್ಲ. ಒಬ್ಬನ ತಲೆಗೆ ಬಹಿರಂಗವಾಗಿ ಬಹುಮಾನ ಸಾರುವುದೇ ಬೇರೆ, ಕೊಲೆಗೆ ಒಳಗೊಳಗೇ ಬೆಲೆ ಕಟ್ಟುವುದೇ ಬೇರೆ ಎಂಬುದು ಅವನ ನಿಲುವು.

ಜುಲೈ 30ರಂದು ಮಲಪ್ರಭೆಯ ದಂಡೆಯಲ್ಲಿ, ಮುನವಳ್ಳಿಯ ಎದುರಿಗೆ, ಧೋಂಡಿಯಾನ ಸೈನ್ಯದ ಒಂದು ಭಾಗ ಹೊಳೆ ದಾಟಲು ಕಾದಿತ್ತು. ಇಪ್ಪತ್ತಾರು ಮೈಲಿ ಒಂದೇ ದಿನ ನಡೆದು ಬಂದ ವೆಲ್ಲೆಸ್ಲಿಯ ಸವಾರರು ಬಿಡಾರಕ್ಕೆ ನುಗ್ಗಿದರು. ಹಿಂದೆ ಕತ್ತಿ, ಮುಂದೆ ತುಂಬಿದ ಹೊಳೆ. ಸುಮಾರು 5,000 ಜನರನ್ನು ನೀರಿಗೆ ಅಟ್ಟಿದೆ, ಅವರು ಮುಳುಗಿ ಸತ್ತರು, ಆರು ತೋಪುಗಳು ಸಿಕ್ಕವು ಎಂದು ವೆಲ್ಲೆಸ್ಲಿ ಮನ್ರೋಗೆ ಪತ್ರ ಬರೆದ. ದಂಡಿನ ಬಿಡಾರವೆಂದರೆ ಸೈನಿಕರಷ್ಟೇ ಅಲ್ಲ. ಹೆಂಗಸರು, ಮಕ್ಕಳು, ಎತ್ತಿನವರು, ಬಜಾರಿನ ವ್ಯಾಪಾರಿಗಳು ಅಲ್ಲಿರುತ್ತಿದ್ದರು. ಆ ಪತ್ರದಲ್ಲಿ ಅವರಿಗೆ ಬೇರೆ ಲೆಕ್ಕವಿಲ್ಲ. ಈ ದಂಡಯಾತ್ರೆಯಲ್ಲಿ ಇಷ್ಟು ಪ್ರಾಣಹಾನಿಯಾದ ದಿನ ಇನ್ನೊಂದಿಲ್ಲ, ಕೋನಗಲ್ಲಿನದೂ ಇಷ್ಟಿಲ್ಲ. ವೆಲಿಂಗ್ಟನ್ನನ ಕಥೆ ಹೇಳುವವರು ಇದನ್ನು ಒಂದು ಸಾಲಿನಲ್ಲಿ ದಾಟಿಹೋಗುವುದು ಸರಿಯಲ್ಲ.

ಆಗಸ್ಟ್ ತಿಂಗಳೆಲ್ಲ ಬೆನ್ನಟ್ಟುವಿಕೆ. ಧೋಂಡಿಯಾ ಮಲಪ್ರಭೆಯ ಮೂಲದ ಕಾಡುಗಳನ್ನು ಬಳಸಿ ತಿರುಗಿದ, ಮತ್ತೆ ಪೂರ್ವಕ್ಕೆ ಹಾರಿದ. ವೆಲ್ಲೆಸ್ಲಿ ದಕ್ಷಿಣದಲ್ಲಿ, ಸ್ಟೀವನ್ಸನ್ ಉತ್ತರದಲ್ಲಿ, ಮರಾಠ ಮತ್ತು ನಿಜಾಮನ ಸವಾರರು ನಡುವೆ. ಸೆಪ್ಟೆಂಬರ್ ಹೊತ್ತಿಗೆ ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಿನ ಬಯಲಿನಲ್ಲಿ ಅವನಿಗೆ ಉಳಿದ ಜಾಗ ಕಿರಿದಾಗುತ್ತ ಬಂತು. 9ರಂದು ಅವನು ಕೃಷ್ಣೆಯ ಕಡೆ ಹೊರಟವನು ಮುಂದೆ ಸ್ಟೀವನ್ಸನ್ನನ ಪಾಳೆಯ ಕಂಡು ಹಿಂದಕ್ಕೆ ತಿರುಗಿದ. ರಾತ್ರಿ ತಂಗಿದ್ದು ಯಾಪಲಪರ್ವಿಯಲ್ಲಿದ್ದ ವೆಲ್ಲೆಸ್ಲಿಯಿಂದ ಕೆಲವೇ ಮೈಲಿ ದೂರದಲ್ಲಿ. ಮಳೆ, ಕತ್ತಲೆ, ದಣಿದ ಕುದುರೆಗಳು ಎಂದು ವೆಲ್ಲೆಸ್ಲಿ ಬೆಳಗಿಗೆ ಕಾದ.

ಮರುದಿನ, ಸೆಪ್ಟೆಂಬರ್ 10. ಕೋನಗಲ್ಲಿನ ಬಳಿ ಇಬ್ಬರೂ ಎದುರಾದರು. ಧೋಂಡಿಯಾನ ಬಳಿ ಸುಮಾರು 5,000 ಸವಾರರಿದ್ದರು. ಅವನು ಊರನ್ನೂ ಬಂಡೆಯನ್ನೂ ಬೆನ್ನಿಗಿಟ್ಟುಕೊಂಡು ದಂಡನ್ನು ನಿಲ್ಲಿಸಿದ. ವೆಲ್ಲೆಸ್ಲಿಯ ಕೈಯಲ್ಲಿ ನಾಲ್ಕೇ ಅಶ್ವದಳಗಳು, 19 ಮತ್ತು 25ನೆಯ ಡ್ರಾಗೂನ್‌ಗಳು, ಮದ್ರಾಸಿನ 1 ಮತ್ತು 2ನೆಯ ದೇಶೀಯ ಅಶ್ವದಳಗಳು. ಕಾಲಾಳು ಹಿಂದೆ ಉಳಿದಿತ್ತು. ಜನ ಕಡಿಮೆಯಾದ್ದರಿಂದ ಎಲ್ಲರನ್ನೂ ಒಂದೇ ಸಾಲಾಗಿ ನಿಲ್ಲಿಸಿ, ತಾನೇ ಮುಂದೆ ನಿಂತು ಕುದುರೆ ಓಡಿಸಿದ. ಅಶ್ವದಾಳಿಯನ್ನು ಅವನು ಸ್ವತಃ ಮುನ್ನಡೆಸಿದ್ದು ಇದೊಂದೇ ಸಲ ಎನ್ನುತ್ತಾರೆ. ಧೋಂಡಿಯಾನ ಜನ ಸ್ವಲ್ಪ ಹೊತ್ತು ಗಟ್ಟಿಯಾಗಿ ನಿಂತರು. ಆಮೇಲೆ ಅವರ ಸಾಲು ಮುರಿಯಿತು. ಧೋಂಡಿಯಾ ಆ ಗೊಂದಲದಲ್ಲೇ ಸತ್ತ. ಉಳಿದವರನ್ನು ಮೈಲಿಗಟ್ಟಲೆ ಅಟ್ಟಿಸಿಕೊಂಡು ಹೋದರು. ಸತ್ತವನ ಗುರುತು ಹಿಡಿದು, ಹೆಣವನ್ನು 19ನೆಯ ಡ್ರಾಗೂನ್‌ಗಳ ತೋಪಿನ ಗಾಡಿಗೆ ಬಿಗಿದು ಪಾಳೆಯಕ್ಕೆ ತಂದರು. ನೇಣಿನ ಹುಕುಂ ಬಳಕೆಗೆ ಬರಲಿಲ್ಲ. ಕತ್ತಿ ಹಿಡಿದು ಚಾಕರಿ ಆರಂಭಿಸಿದವನು ಕದನದಲ್ಲೇ ಸತ್ತ.

ಸಾಮಾನಿನ ಗಾಡಿಗಳ ನಡುವೆ ನಾಲ್ಕು ವರ್ಷದ ಒಬ್ಬ ಹುಡುಗ ಸಿಕ್ಕ, ಧೋಂಡಿಯಾನ ಸಾಕುಮಗ ಸಲಾಬತ್ ಖಾನ್. ಸೈನಿಕರು ಅವನನ್ನು ವೆಲ್ಲೆಸ್ಲಿಯ ಡೇರೆಗೆ ಕರೆತಂದರು. ವೆಲ್ಲೆಸ್ಲಿ ಹುಡುಗನ ಹೊಣೆ ಹೊತ್ತ. ಭಾರತ ಬಿಟ್ಟು ಹೋಗುವಾಗ ಅವನ ಖರ್ಚಿಗೆ ಹಣ ಇಟ್ಟು ಶ್ರೀರಂಗಪಟ್ಟಣದ ಅಧಿಕಾರಿಗಳಿಗೆ ಒಪ್ಪಿಸಿದ. ಮಲಪ್ರಭೆಯ ದಂಡೆಯಲ್ಲಿ ನಡೆದದ್ದನ್ನು ಇದು ಅಳಿಸುವುದಿಲ್ಲ, ಆದರೂ ದಾಖಲಾಗಬೇಕಾದ ನಡತೆ. ಹುಡುಗ ಬೆಳೆದು ಚೆಲುವ ಯುವಕನಾಗಿ ಮೈಸೂರು ಅರಸರ ಸೇವೆಗೆ ಸೇರಿದ. ತಂದೆ ಬಿಟ್ಟುಹೋದ ಮೈಸೂರಿನ ಚಾಕರಿ ಹೀಗೆ ಮಗನಿಗೆ ಬಂತು. 1822ರಲ್ಲಿ ಅವನು ಕಾಲರಾದಿಂದ ತೀರಿಕೊಂಡ.

ಗೆದ್ದ ಸುದ್ದಿ ತಿಳಿದ ಮನ್ರೋ, ವೆಲ್ಲೆಸ್ಲಿ ಮತ್ತು ಅವನ ಸೈನ್ಯ ಇರದಿದ್ದರೆ ಧೋಂಡಿಯಾ ಸ್ವತಂತ್ರ ಅರಸನಾಗಿ ಹೊಸ ಸುಲ್ತಾನರ ವಂಶವನ್ನೇ ಕಟ್ಟುತ್ತಿದ್ದ ಎಂಬರ್ಥದಲ್ಲಿ ಬರೆದ. ಗೆಳೆಯನನ್ನು ಹೊಗಳುವ ಪತ್ರವಾದರೂ ಅದರಲ್ಲಿ ಹುರುಳಿದೆ. ಧೋಂಡಿಯಾನಿಗೆ ಹೈದರನ ಧೈರ್ಯ, ಚುರುಕು, ಜನ ಕೂಡಿಸುವ ಕಲೆ ಇದ್ದವು. ಹೈದರನಿಗೆ ಸಿಕ್ಕಿದ್ದ ಒಂದು ರಾಜ್ಯದ ಖಜಾನೆ, ಲೆಕ್ಕ ಬರೆಯುವ ಅಧಿಕಾರಿಗಳ ಬಳಗ, ಪರಸ್ಪರ ಕಾದಾಡುವ ನೆರೆಯವರು ಇವನಿಗೆ ಸಿಗಲಿಲ್ಲ. ನೆರೆಯವರು ಮೂವರೂ ಒಂದಾಗಿದ್ದರು. ಸಂಬಳ ಕೊಡಲು ಕಂದಾಯ ಬೇಕು, ಕಂದಾಯಕ್ಕೆ ಆಡಳಿತ ಬೇಕು, ಆಡಳಿತಕ್ಕೆ ಒಂದೆಡೆ ನಿಲ್ಲುವ ಬಿಡುವು ಬೇಕು. ಆ ಬಿಡುವನ್ನು ಅವನಿಗೆ ಯಾರೂ ಕೊಡಲಿಲ್ಲ. ಹಾಗಾಗಿ ಅವನ ಸೈನ್ಯ ಊರುಗಳನ್ನು ಸುಲಿದೇ ಬದುಕಿತು, ಸುಲಿದ ಊರುಗಳು ಅವನಿಗಾಗಿ ನಿಲ್ಲಲಿಲ್ಲ.

ಅವನ ನಂತರ ಈ ನಾಡಿನ ಸವಾರಿಕೆಯ ಕಸುಬು ಬೇಗ ಸೊರಗಿತು. 1800ರ ಅಕ್ಟೋಬರಿನಲ್ಲಿ ನಿಜಾಮ ಬಳ್ಳಾರಿ, ಕಡಪ ಸೀಮೆಗಳನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ. 1802ರ ಫೆಬ್ರವರಿಯಲ್ಲಿ ಐಗೂರಿನ ಕೃಷ್ಣಪ್ಪ ನಾಯಕನನ್ನು ಗಲ್ಲಿಗೇರಿಸಿದರು. ಹೊನ್ನಾಳಿ, ಬಸವಾಪಟ್ಟಣ, ಚನ್ನಗಿರಿಯ ಸೀಮೆ ಮತ್ತೆ ಎದ್ದದ್ದು 1830ರಲ್ಲಿ, ನಗರ ರೈತರ ದಂಗೆಯಾಗಿ. ಆಗ ಮುಂದೆ ನಿಂತವರು ಕಂದಾಯದ ಭಾರಕ್ಕೆ ಬೇಸತ್ತ ರೈತರು, ಊರ ಗೌಡರು. ಅದರ ಫಲವಾಗಿ 1831ರಲ್ಲಿ ಮೈಸೂರಿನ ಆಡಳಿತವೇ ಇಂಗ್ಲಿಷ್ ಕಮಿಷನರರ ಕೈಗೆ ಹೋಯಿತು.

ಧೋಂಡಿಯಾನ ಬಗ್ಗೆ ಈವರೆಗೆ ಬರೆದದ್ದರಲ್ಲಿ ಬಹುಪಾಲು ಅವನ ವೈರಿಗಳ ಕಾಗದಗಳನ್ನು ಆಧರಿಸಿದೆ. ವೆಲ್ಲೆಸ್ಲಿಯ ಪತ್ರಗಳು ಸುಲಭವಾಗಿ ಸಿಗುತ್ತವೆ, ಎಲ್ಲರೂ ಅವನ್ನೇ ಓದುತ್ತಾರೆ. ವಾಸುದೇವ ವಾಮನ ಖರೆ ಅವರು ಸಂಪಾದಿಸಿದ ಪಟವರ್ಧನ ದಫ್ತರಿನ ಮರಾಠಿ ಪತ್ರಗಳನ್ನು ಕನ್ನಡದಲ್ಲಿ ಬಳಸಿಕೊಂಡವರು ಕಡಿಮೆ. ಶಿವಮೊಗ್ಗ, ದಾವಣಗೆರೆಯ ಇತಿಹಾಸ ವಿಭಾಗಗಳಲ್ಲಿ ಓದುವವರು ಆ ಪತ್ರಗಳತ್ತ ತಿರುಗಬೇಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಹಳ್ಳಿಗಳ ಹಳೆಯ ಮನೆಗಳಲ್ಲಿ ಕಡತಗಳು ಉಳಿದಿದ್ದರೆ ಅವು ಗೆದ್ದಲಿಗೆ ಬೀಳುವ ಮೊದಲು ನಕಲಾಗಬೇಕು.